ಅಕ್ಷತೆ ಕೊಟ್ಟು ಕರೆದ ಫೈನಲ್

ನಮ್ಮ ಮಾಮಾನನ್ನು ಹುಚ್ಚ ಅನ್ನುವವರು ಅವನನ್ನು ಸರಿಯಾಗಿ ಬಲ್ಲವರಲ್ಲ. ಬಲ್ಲವರು ಅದಕ್ಕಿಂತ ಗಟ್ಟಿ ಶಬ್ದ ಬಳಸುತ್ತಾರೆ!

ಮಾಮಾ ಅಂದರೆ ನಮ್ಮವ್ವನ ತಮ್ಮ. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರಿ ಮುಗಿಸಿ ತಾರ್ನಾಕದ ಎರಡು ಕೋಣೆಯ ಮನೆಯಲ್ಲಿ ಒಂದು ಬೆಕ್ಕಿನ ಜೊತೆ ಇದ್ದಾನೆ. ಮದುವೆಯಾಗಲಿಲ್ಲ. ಮೊದಲು ಅಕ್ಕತಂಗಿಯರದು ಮುಗಿಯಲಿ ಅಂದ, ಮುಗಿಯಿತು. ಆಮೇಲೆ ಅಪ್ಪನ ಆರೋಗ್ಯ ಸುಧಾರಿಸಲಿ ಅಂದ, ಅದು ಸುಧಾರಿಸಲಿಲ್ಲ. ಅಷ್ಟರಲ್ಲಿ ಇವನಿಗೆಂದು ನೋಡಿಟ್ಟ ಹುಡುಗಿಯರೆಲ್ಲ ತಮ್ಮ ಮಕ್ಕಳಿಗೆ ವರ ನೋಡತೊಡಗಿದ್ದರು.

ಹಾಗಂತ ಮದುವೆ ಅಂದರೆ ಅವನಿಗೆ ಅಲರ್ಜಿಯೇ? ಹೈದರಾಬಾದಿನ ನಮ್ಮ ಕನ್ನಡ ಮಂದಿಯಲ್ಲಿ ಮಾಮಾ ಇಲ್ಲದೆ ಒಂದು ಲಗ್ನವೂ ಆದದ್ದಿಲ್ಲ. ಬಾಗಿಲಲ್ಲಿ ನಿಂತು ಗುಲಾಬಿ ನೀರು ಸಿಂಪಡಿಸುವವನು ಅವನೇ, ಮುನಿಸಿಕೊಂಡ ಬೀಗರನ್ನು ನಗಿಸಿ ಊಟಕ್ಕೆ ಕೂರಿಸುವವನು ಅವನೇ, ಕಡೆಯ ಪಂಕ್ತಿಯಲ್ಲಿ ತಳ ಹತ್ತಿದ ಹುಗ್ಗಿಯನ್ನು "ಇದರ ರುಚೀನ ಬ್ಯಾರೆ" ಎನ್ನುತ್ತ ತಿನ್ನುವವನೂ ಅವನೇ. ಯಾವ ಮದುಮಗಳೂ ಅವನ ಕೈಯ ಅಕ್ಷತೆ ಬೀಳದೆ ಗಂಡನ ಮನೆಗೆ ಹೋಗಿಲ್ಲ. ಅವನ ತಲೆಯ ಮೇಲೆ ಅಕ್ಕಿಕಾಳು ಹಾಕುವ ಸಂದರ್ಭ ಮಾತ್ರ ನಮಗೆ ಯಾರಿಗೂ ಬರಲಿಲ್ಲ.

ಲಗ್ನ ಬಿಟ್ಟರೆ ಅವನ ಇನ್ನೊಂದು ಹುಚ್ಚು ಫುಟ್‌ಬಾಲ್. ಕಾಲೇಜಿನಲ್ಲಿದ್ದಾಗ ಅಂತರ ಕಾಲೇಜು ಚಾಂಪಿಯನ್‌ಶಿಪ್ ಫೈನಲ್ ಆಡಿದ್ದಾನೆ. ಗೋಲನ್ನೂ ಹೊಡೆದಿದ್ದಾನೆ. ತನ್ನದೇ ಕಡೆಯ ಗೋಲಿಗೆ ಹೊಡೆದ ಅನ್ನುವುದು ಸಣ್ಣ ಮಾತು!

"ಗೋಲ್ ಗೋಲ ಅಲ್ಲೇನವಾ? ಇಡೀ ಗ್ಯಾಲರಿ ಎದ್ದು ನಿಂತು ಕುಣೀತು."

"ಎದುರು ಪಾರ್ಟಿ ಗ್ಯಾಲರಿ, ಮಾಮಾ."

"ಮಂದಿ ಮಂದೀನ. ಅದರಾಗ ಎದುರು ಯಾವುದು, ನಮ್ಮದು ಯಾವುದು?"

ಆ ಕಾಲದಲ್ಲಿ ಫೈನಲ್ಲಿನ ಟಿಕೆಟ್ಟು ಸಿಗುವುದೆಂದರೆ ಮನೆಗೆ ಗ್ಯಾಸ್ ಸಿಲಿಂಡರ್ ಬಂದ ಹಾಗೆ. ಪೊಲೀಸರು ಲಾಠಿ ಬೀಸುತ್ತಿದ್ದರಂತೆ, ಹುಡುಗರು ಬೇವಿನ ಮರ ಹತ್ತುತ್ತಿದ್ದರಂತೆ. ಮಾಮಾನ ತಲೆಯಲ್ಲಿ ಆ ನೂಕುನುಗ್ಗಲು ಇನ್ನೂ ಚದುರಿಲ್ಲ. ಅದಕ್ಕೇ ಈಗಲೂ ಪ್ರತಿ ವರ್ಷ ಅದೇ ಫೈನಲ್ಲಿನ ಟಿಕೆಟ್ಟಿಗೆ ಬೆಳಕು ಹರಿಯುವ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ. ಸಾಲು ಎಲ್ಲಿದೆ? ಇವನೇ ಸಾಲು! ಒಮ್ಮೆ ಚಹಾ ಕುಡಿಯಲು ಹೋಗುವಾಗ ತನ್ನ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟು, ನಾಯಿಯೊಂದಕ್ಕೆ "ನೋಡ್ಕೋ" ಎಂದು ಹೇಳಿ ಹೋಗಿದ್ದನಂತೆ. ತಿರುಗಿ ಬಂದಾಗ ಇಟ್ಟಿಗೆ ಅಲ್ಲೇ ಇತ್ತು. ನಾಯಿ ಬೇಸತ್ತು ಎದ್ದು ಹೋಗಿತ್ತು.

ಕೌಂಟರಿನವನು ಬಾಗಿಲು ತೆಗೆದವನೇ ಇವನನ್ನು ಕಂಡು ಗಾಬರಿಯಾದ. "ಕ್ಯಾ ಹೋನಾ, ಚಾಚಾ?"

"ಟಿಕೆಟ್."

"ಕಾಯ್ಕಾ ಟಿಕೆಟ್?"

"ಫೈನಲ್ ಕಾ."

"ಕೌನ್ಸಾ ಫೈನಲ್?"

ಮಾರುವವನಿಗೇ ಗೊತ್ತಿಲ್ಲ! ಟಿಕೆಟ್ಟಿನ ಕಟ್ಟು ಹುಡುಕಿ ತರಲು ಅವನಿಗೆ ಮಾಮಾನೇ ಸಹಾಯ ಮಾಡಬೇಕಾಯಿತು. ಅದು ಕುರ್ಚಿಯ ಕಾಲಿನ ಕೆಳಗೆ, ಕುರ್ಚಿ ಅಲ್ಲಾಡದಿರಲೆಂದು ಇಟ್ಟ ಜಾಗದಲ್ಲಿ ಸಿಕ್ಕಿತು. ಆದರೂ ಮೆಟ್ರೋ ಹಿಡಿದು, ಅಮೀರ್‌ಪೇಟ್‌ನಲ್ಲಿ ಬದಲಿಸಿ, ಮಣಿಕೊಂಡದ ನಮ್ಮ ಮನೆಗೆ ಬಂದವನು ಬೆವರು ಒರೆಸಿಕೊಳ್ಳುತ್ತ ಅಂದದ್ದೇನು? "ಭಾಳ ರಶ್ ಇತ್ತವಾ. ಹ್ಯಾಂಗೋ ಗಿಟ್ಟಿಸಿದೆ."

ಇದು ನಗುವ ಮಾತೇ. ಆದರೆ ಹೋದ ವರ್ಷದ ಫೈನಲ್ ಮುಗಿಸಿಕೊಂಡು ಬಂದವನು ನಗಲಿಲ್ಲ, ಅವ್ವ ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ. ಆಟದಲ್ಲಿ ಒಬ್ಬ ಹುಡುಗ ಒಳ್ಳೆಯ ಗೋಲು ಹೊಡೆದು, ಎರಡೂ ಕೈ ಮೇಲೆತ್ತಿ, ಗ್ಯಾಲರಿಯ ಕಡೆ ಓಡಿ ಬಂದನಂತೆ. ನೋಡಿದರೆ ಸಿಮೆಂಟಿನ ಮೆಟ್ಟಿಲುಗಳು, ನಡುವೆ ಒಬ್ಬ ಮುದುಕ. ಹುಡುಗ ಕೈ ಇಳಿಸಿ ಮೆಲ್ಲಗೆ ಹಿಂದಿರುಗಿದನಂತೆ.

"ನಾ ಚಪ್ಪಾಳಿ ಹೊಡದೆ," ಅಂದ ಮಾಮಾ. "ಆದ್ರ ಒಬ್ಬನ ಕೈಲೆ ಎಷ್ಟು ಸಪ್ಪಳಾ ಬರ್ತೈತಿ?"

ಈ ವರ್ಷ, ಹಳೆಯ ಆಟಗಾರರನ್ನೂ ಕರೆದಿದ್ದ ಸಭೆಯಲ್ಲಿ, ಪಂದ್ಯ ನಡೆಸುವ ಕಮಿಟಿಯ ಕಾರ್ಯದರ್ಶಿ ಖಡಾಖಂಡಿತ ಹೇಳಿಬಿಟ್ಟ: ಗ್ಯಾಲರಿ ತುಂಬಿದರೆ ಸರಿ, ಇಲ್ಲವಾದರೆ ಮುಂದಿನ ವರ್ಷದಿಂದ ಈ ಮೈದಾನಕ್ಕೆ ಬಾಡಿಗೆ ಕಟ್ಟುವುದಿಲ್ಲ. ಯಾವುದೋ ಹಾಸ್ಟೆಲಿನ ಹಿಂದಿನ ಬಯಲಲ್ಲಿ ಫೈನಲ್ ಆಡಿಸಿ, ಗೆದ್ದವರಿಗೆ ಕಪ್ ಕೊಟ್ಟು ಕಳಿಸುವುದು. ಮಾಮಾ ಎದ್ದು ನಿಂತು, "ಗ್ಯಾಲರಿ ತುಂಬಿಸೋದು ನನ್ನ ಜವಾಬ್ದಾರಿ" ಎಂದು ಮಾತು ಕೊಟ್ಟ, ಟಿಕೆಟ್ಟಿನ ಗಂಟನ್ನೇ ಹೊತ್ತುಕೊಂಡು ಬಂದ.

ಮೊದಲು ದಂಡೆತ್ತಿ ಹೋದದ್ದು ಅಮೀರ್‌ಪೇಟ್‌ಗೆ. ಸಾಫ್ಟ್‌ವೇರ್ ಕಲಿಯಲು ಬಂದ ಹುಡುಗ ಹುಡುಗಿಯರು ಅಲ್ಲಿ ಇರುವೆಗಳಂತೆ ಓಡಾಡುತ್ತಾರಲ್ಲ, ಅವರಲ್ಲಿ ಒಂದು ಹಿಡಿ ಬಂದರೂ ಸಾಕು ಎಂಬ ಲೆಕ್ಕ. ಕೋಚಿಂಗ್ ಸೆಂಟರಿನ ಕೆಳಗೆ ನಿಂತು ಒಬ್ಬೊಬ್ಬರನ್ನೇ ತಡೆದ. ಒಬ್ಬ ಹುಡುಗ ಬಹಳ ಆಸಕ್ತಿಯಿಂದ ಎಲ್ಲ ಕೇಳಿಸಿಕೊಂಡು, "ಸರ್ಟಿಫಿಕೇಟ್ ಇಸ್ತಾರಾ, ಅಂಕಲ್?" ಎಂದು ವಿಚಾರಿಸಿದ. ಫುಟ್‌ಬಾಲ್ ನೋಡಿದ್ದಕ್ಕೆ ಸರ್ಟಿಫಿಕೇಟು! ಇನ್ನೊಬ್ಬಳು, ಬರಲಾಗದಿದ್ದರೆ ರೆಕಾರ್ಡಿಂಗ್ ಕೊಡುತ್ತೀರಾ ಅಂದಳು. ಮಾಮಾ ಎರಡು ಇಡ್ಲಿ ತಿಂದು ವಾಪಸಾದ.

ಆಮೇಲೆ ನಮ್ಮ ಅಪಾರ್ಟ್‌ಮೆಂಟು. ವಾಟ್ಸ್ಯಾಪ್ ಗುಂಪಿನಲ್ಲಿ ನಾನೇ ಹಾಕಿದೆ. ಹೆಬ್ಬೆರಳುಗಳು ಬಂದವು, ಹೃದಯಗಳು ಬಂದವು, ಮನುಷ್ಯರು ಯಾರೂ ಬರಲಿಲ್ಲ. ಮಾಮಾ ದರ ಅರ್ಧ ಮಾಡಿದ. ಊಹೂಂ. ಪುಕ್ಕಟೆ ಅಂದ. ಊಹೂಂ. ಪುಕ್ಕಟೆಯ ಮೇಲೆ ಎರಡು ಸಮೋಸಾ ಅಂದ. ಆಗ ಮಾತ್ರ ಮೂರನೇ ಮಹಡಿಯವರು ಬಾಗಿಲು ಅರ್ಧ ತೆರೆದು, ಅನುಮಾನದಿಂದ ನೋಡಿ, "ಪ್ಲಾಟ್ ಎಲ್ಲಿ ಬರುತ್ತೆ? ಔಟರ್ ರಿಂಗ್ ರೋಡಿನ ಒಳಗೋ ಹೊರಗೋ?" ಎಂದು ಕೇಳಿದರು. ಹೈದರಾಬಾದಿನಲ್ಲಿ ಪುಕ್ಕಟೆ ತಿನ್ನಿಸಿದರೆ ಹಿಂದೆಯೇ ಪ್ಲಾಟು ಮಾರುತ್ತಾರೆ ಅನ್ನುವುದು ಯಾರಿಗೆ ಗೊತ್ತಿಲ್ಲ?

ಮಾಮಾ ಸೋಫಾದ ಮೇಲೆ ಕುಸಿದು ಕೂತ. ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿನಿಂದಲೇ ಚೇಷ್ಟೆ ಮಾಡಿದಳು. "ಟಿಕೀಟು ಕೊಟ್ಟರ ನಮ್ಮ ಮಂದಿ ಎಲ್ಲಿ ಬರ್ತಾರೋ? ಅಕ್ಷತಿ ಕೊಟ್ಟು ಕರಿ, ಓಡಿ ಬರ್ತಾರ. ಅಕ್ಷತಿ ಕೈಯಾಗ ಹಿಡದ ಮ್ಯಾಲ ಒಲ್ಲೆ ಅನ್ನೋ ಧೈರ್ಯಾ ಯಾರಿಗೈತಿ?"

ಅವ್ವ ನಕ್ಕಳು, ನಾನು ನಕ್ಕೆ. ಮಾಮಾ ನಗಲಿಲ್ಲ. ಅವನು ನಗದಿದ್ದಾಗಲೇ ನಾವು ಎಚ್ಚರಾಗಬೇಕಿತ್ತು!

ಮರುದಿನ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಕರಿ ಟೊಪ್ಪಿಗೆ ಇಟ್ಟು, ಬೆಳ್ಳಿ ಬಟ್ಟಲಲ್ಲಿ ಅರಿಶಿನದ ಅಕ್ಷತೆ, ಕುಂಕುಮ ಹಿಡಿದು ಮಾಮಾ ಹೊರಟ. ತಾರ್ನಾಕದಿಂದ ಶುರುಮಾಡಿ ಊರಿನ ನಮ್ಮ ಮಂದಿಯ ಒಂದು ಮನೆಯನ್ನೂ ಬಿಡಲಿಲ್ಲ. ಟಿಕೆಟ್ಟುಗಳನ್ನು ಲಕೋಟೆಗೆ ಹಾಕಿ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದ. ಕೈಗೆ ಅಕ್ಷತೆ ಹಾಕಿ, ಲಕೋಟೆ ಕೊಟ್ಟು, "ನಮ್ಮನಿ ಕಾರ್ಯಾರಿ. ಮನೀ ಮಂದಿ ಎಲ್ಲಾ ಬರಬೇಕು. ಊಟಕ್ಕ ಅಲ್ಲೇ" ಎಂದು ಕೈಮುಗಿದ. ಲಕೋಟೆ ಒಡೆದು ನೋಡಿದವರು ಯಾರು? ಅಕ್ಷತೆ ಕೊಟ್ಟು ಕರೆದ ಮೇಲೆ ಪತ್ರಿಕೆ ಓದುವ ಪದ್ಧತಿ ನಮ್ಮಲ್ಲಿಲ್ಲ. ಯಾವ ದಿನ, ಎಲ್ಲಿ ಅಂತ ಬಾಯಿಂದ ಕೇಳಿಕೊಂಡರು, ಲಕೋಟೆ ದೇವರ ಗೂಡಿಗೆ ಹೋಯಿತು.

ಸಂಜೆಗೆ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಮೊದಲು ಮಾಮಾನ ಪಕ್ಕದ ಮನೆಯ ಶಾಂತಕ್ಕ.

"ಅಲ್ಲವಾ, ಮಾಮಾನ ಲಗ್ನಾ ಅಂತ ನಮಗ ಮೊದಲ ಹೇಳಬಾರದಾ? ಹುಡುಗಿ ಯಾರು?"

"ಶಾಂತಕ್ಕ, ಅದು ಲಗ್ನ ಅಲ್ಲರಿ. ಫುಟ್‌ಬಾಲ್ ಮ್ಯಾಚು."

"ನನಗ ಹೇಳ್ತಿಯೇನ! 'ನಮ್ಮನಿ ಕಾರ್ಯಾ' ಅಂತ ಅಕ್ಷತಿ ಕೊಟ್ಟು ಹೋಗ್ಯಾನ. ಅವನ ಮನ್ಯಾಗ ಇರೋದು ಅವ ಒಬ್ಬ, ಬೆಕ್ಕು ಒಂದು. ಬೆಕ್ಕಿನ ಲಗ್ನಾ ಅಂತೂ ಅಲ್ಲಲ್ಲ?"

ನಾನು ಫುಟ್‌ಬಾಲ್ ಅಂದಷ್ಟೂ ಜನಕ್ಕೆ ಲಗ್ನವೇ ಖಾತ್ರಿಯಾಗುತ್ತ ಹೋಯಿತು. ಮೈದಾನದಲ್ಲಿ ಅಂದರೆ, ಈಗಿನ ಲಗ್ನಗಳೆಲ್ಲ ಬಯಲಲ್ಲೇ ಅಂದರು. ಎರಡು ದಿನದಲ್ಲಿ ಹುಡುಗಿ ಸಿಕಂದರಾಬಾದಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಎಂಬಲ್ಲಿಗೆ ಬಂತು. ಮೂರನೇ ದಿನಕ್ಕೆ ಆಕೆಗೆ ಮಂಡಿನೋವು ಇರುವುದೂ ಎಲ್ಲರಿಗೂ ಗೊತ್ತಾಗಿತ್ತು!

ಫೈನಲ್ ದಿನ ಮೈದಾನದ ಬಾಗಿಲಲ್ಲಿ ಕಂಡ ದೃಶ್ಯವನ್ನು ಹೇಗೆ ಹೇಳಲಿ! ಆಟೋಗಳಿಂದ, ಕಾರುಗಳಿಂದ ಇಳಿಯುತ್ತಿದ್ದಾರೆ, ಇಳಿಯುತ್ತಲೇ ಇದ್ದಾರೆ. ಇಳಕಲ್ ಸೀರೆ, ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಕೈಯಲ್ಲಿ ಉಡುಗೊರೆ ತುಂಬಿದ ಆಹೇರಿಯ ಚೀಲ. ಒಬ್ಬರು ಮುತ್ತು ಹಚ್ಚಿದ ಬಾಸಿಂಗವನ್ನೇ ತಂದಿದ್ದರು. ಬಾಗಿಲಲ್ಲಿ ಮಾಮಾ, ಅದೇ ಧೋತರ, ಅದೇ ಟೊಪ್ಪಿಗೆ, ಗುಲಾಬಿ ನೀರು ಸಿಂಪಡಿಸುತ್ತ, ತಟ್ಟೆಯಿಂದ ಅಕ್ಷತೆ ಹಂಚುತ್ತ, "ಬರ್ರಿ ಬರ್ರಿ." ಅಷ್ಟು ವರ್ಷದ ರೂಢಿ, ಕೈ ಕೇಳಬೇಕಲ್ಲ? ಪಕ್ಕದಲ್ಲೇ ಸೆಕ್ಯೂರಿಟಿಯವನು ಶಾಂತಕ್ಕನ ತೆಂಗಿನಕಾಯಿ ಹಿಡಿದು ನಿಂತಿದ್ದ. "ನಾರಿಯಲ್ ಅಂದರ್ ನಕ್ಕೋ, ಅಮ್ಮಾ. ರೆಫರೀ ಪೇ ಫೇಂಕ್ತೇ." ಕಾಯಿ ಒಳಗೆ ಬಿಟ್ಟರೆ ಮಂದಿ ರೆಫರಿಯ ಮೇಲೆ ಎಸೆಯುತ್ತಾರಂತೆ!

"ಯಾರಪಾ ರೆಫರಿ? ಹುಡುಗಿ ಅಣ್ಣಾ?" ಅಂದಳು ಶಾಂತಕ್ಕ.

ಒಳಗೆ ಬಂದು ನೋಡಿದರೆ ಮಂಟಪವಿಲ್ಲ. ಹುಲ್ಲು, ಎರಡು ಬಲೆ, ಚಡ್ಡಿ ಹಾಕಿದ ಹುಡುಗರು. ಗ್ಯಾಲರಿಯಲ್ಲಿ ಗುಸುಗುಸು ಎದ್ದಿತು. ಶಾಂತಕ್ಕ ಎದ್ದು ಬಂದು ಮಾಮಾನ ಮುಂದೆ ನಿಂತಳು. "ಹುಡುಗಿ ಎಲ್ಲಿ?"

"ಯಾವ ಹುಡುಗಿ?" ಅಂದ ಮಾಮಾ.

ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ! ಊರೆಲ್ಲ ಮಾತಾಡಿದ ಲಗ್ನದ ಸುದ್ದಿ ಮದುಮಗನೊಬ್ಬನಿಗೇ ಮುಟ್ಟಿರಲಿಲ್ಲ. ಅವನ ಹುರುಪು ಕೆಡದಿರಲೆಂದು ನಾನೂ ಅವ್ವನೂ ಬಾಯಿ ಬಿಟ್ಟಿರಲಿಲ್ಲ. ಈಗ ಒಂದೊಂದೇ ಮುಖ ನೋಡಿದ, ಆಹೇರಿಯ ಚೀಲ ನೋಡಿದ, ಬಾಸಿಂಗ ನೋಡಿದ. ಅಕ್ಷತೆಯ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. ಕಾರ್ಯದರ್ಶಿ ದೂರದಿಂದ ಗ್ಯಾಲರಿಯನ್ನೇ ನೋಡುತ್ತಿದ್ದ. ಜನ ಈಗ ಎದ್ದು ಹೋದರೆ ಎಲ್ಲ ಮುಗಿಯಿತು.

ಮಾಮಾ ಕೈಮುಗಿದ. "ತಪ್ಪಾತ್ರಿ. ನೀವು ಹಂಗ ತಿಳ್ಕೋತೀರಿ ಅಂತ ನನ್ನ ತಲ್ಯಾಗ ಬರಲಿಲ್ಲ. ಇಷ್ಟು ವರ್ಷ ನಿಮ್ಮೆಲ್ಲಾರ ಮನೀ ಕಾರ್ಯಕ್ಕ ಬಂದೇನಿ. ನನ್ನ ಮನೀ ಕಾರ್ಯಾ ಅಂದ್ರ ಇದ ಒಂದ ನೋಡ್ರಿ. ಈ ಹುಡುಗರಿಗೂ ನಾಕು ಮಂದಿ ಬೇಕಲ್ಲರಿ? ಹೋಗೋರಿದ್ರ ಹೋಗ್ರಿ. ಆದ್ರ ಊಟಾ ಮಾಡ್ಕೊಂಡು ಹೋಗ್ರಿ."

ಶಾಂತಕ್ಕ ತನ್ನ ಮುಷ್ಟಿ ಬಿಚ್ಚಿ ನೋಡಿಕೊಂಡಳು.

"ಅಕ್ಷತಿ ಹಿಡದೀನಲ್ಲೋ, ಮಾರಾಯಾ," ಅಂದಳು. "ಹಾಕದ ಹ್ಯಾಂಗ ಎದ್ದು ಹೋಗಲಿ? ಮುಹೂರ್ತ ಎಷ್ಟಕ್ಕ?"

"ಗೋಲ್ ಆದಾಗ್ರಿ."

"ಲಗೂನ ಆಗಲಿ ಮತ್ತ." ಸೆರಗು ಸರಿಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಶಾಂತಕ್ಕ ಕೂತ ಮೇಲೆ ಉಳಿದವರು ಏಳುವುದುಂಟೇ?

ಆಟ ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ ಕೆಂಪು ಅಂಗಿಯವರು ಗಂಡಿನ ಕಡೆ, ಹಳದಿಯವರು ಹೆಣ್ಣಿನ ಕಡೆ ಎಂದು ತೀರ್ಮಾನವಾಯಿತು. ಹಳದಿಯವನೊಬ್ಬನನ್ನು ಕೆಂಪಿನವನು ಬೀಳಿಸಿದಾಗ, "ಗಂಡಿನ ಕಡೆಯವರ ಸೊಕ್ಕು ನೋಡ್ರಿ!" ಎಂದು ಹೆಂಗಸರೆಲ್ಲ ಒಂದೇ ದನಿಯಲ್ಲಿ ಉರಿದುಬಿದ್ದರು. ಹಾಫ್‌ಟೈಮಿನಲ್ಲಿ ಮಾಮಾ ಶಿರಾ, ಉಪ್ಪಿಟ್ಟು ಬಡಿಸಿದ. ಆಟಗಾರರನ್ನೂ ಬಿಡಲಿಲ್ಲ, "ಇನ್ನೊಂದೀಟು ಹಾಕ್ಕೋರಿ" ಎಂದು ಬಡಿಸಿದ ಪರಿಣಾಮ, ಆಮೇಲೆ ಎರಡೂ ಕಡೆಯವರು ಹಬ್ಬದೂಟ ಮುಗಿಸಿದ ಭಾವಂದಿರಂತೆ ಓಡಾಡಿದರು. ಗೋಲು ಬರುವ ಲಕ್ಷಣವೇ ಇಲ್ಲ. ಮುಷ್ಟಿಯೊಳಗಿನ ಅಕ್ಷತೆ ಬೆವರಿ ಹೋಯಿತು.

ಕಡೆಗೆ, ಆಟ ಮುಗಿಯಲು ಬಂದಾಗ, ಹಳದಿ ಅಂಗಿಯ ಕಡ್ಡಿಯಂಥ ಹುಡುಗನೊಬ್ಬ ಎಲ್ಲಿಂದಲೋ ನುಗ್ಗಿ ಚೆಂಡನ್ನು ಬಲೆಗೆ ತೂರಿದ. ಎರಡೂ ಕೈ ಎತ್ತಿ ಗ್ಯಾಲರಿಯ ಕಡೆ ಓಡಿ ಬಂದ.

"ಬಾಜಾ ಬಾರಿಸ್ರೋ!" ಎಂದು ಯಾರೋ ಕೂಗಿದರು. ಬಾಜಾ ಎಲ್ಲಿತ್ತು? ಆಹೇರಿಗೆ ತಂದ ಸ್ಟೀಲ್ ಡಬ್ಬಿ, ಪರಾತಗಳೇ ಬಾಜಾ ಆದವು! ಇಡೀ ಗ್ಯಾಲರಿ ಎದ್ದು ನಿಂತು ಅಕ್ಷತೆ ಎರಚಿತು. ಹುಡುಗ ಬಾಯಿ ತೆರೆದು ನಿಂತುಬಿಟ್ಟ. ಆಮೇಲೆ ನಕ್ಕ ನೋಡಿ, ಆ ನಗು! ಹಳದಿ ಅಂಗಿಯ ಹುಡುಗರೆಲ್ಲ ಬಂದು ಅವನ ಮೇಲೆ ಬಿದ್ದರು. ರೆಫರಿ ತನ್ನ ಕಾಲರಿನಿಂದ ಅಕ್ಕಿಕಾಳು ಕೊಡವಿಕೊಳ್ಳುತ್ತ, ಇದಕ್ಕೆ ಯಾವ ಕಾರ್ಡು ತೋರಿಸಬೇಕೆಂದು ತಿಳಿಯದೆ ಎರಡೂ ಕಾರ್ಡು ಜೇಬಿಗೆ ಹಾಕಿಕೊಂಡ.

ಕಾರ್ಯದರ್ಶಿ ಓಡಿ ಬಂದು ಮಾಮಾನ ಕೈ ಹಿಡಿದು, ಮುಂದಿನ ವರ್ಷವೂ ಇಲ್ಲೇ, ಕರೆಯುವ ಕೆಲಸ ಮಾತ್ರ ನೀವೇ ನೋಡಿಕೊಳ್ಳಬೇಕು ಎಂದ. ಮಂದಿ ಹೊರಡುವಾಗ ತಂದ ಆಹೇರಿಯನ್ನು ಯಾರೂ ವಾಪಸು ಒಯ್ಯಲಿಲ್ಲ. "ಕಾರ್ಯಾ ಅಂದ ಮ್ಯಾಲ ಕಾರ್ಯಾ" ಎಂದು ಶಾಂತಕ್ಕ ಒಂದು ಪಂಜೆ, ಅಂಗಿ ಅರಿವೆ ಮಾಮಾನ ಕೈಗಿಟ್ಟು ಕುಂಕುಮ ಹಚ್ಚಿದಳು. ಅವಳ ಹಿಂದೆ ಉಳಿದವರೂ ಸಾಲಾಗಿ ಬಂದರು. ಅಷ್ಟು ದಿನ ಹುಡುಕಿದ ಸಾಲು ಮಾಮಾನಿಗೆ ಅಂದು ಸಿಕ್ಕಿತು. ಒಬ್ಬೊಬ್ಬರಿಗೂ "ಊಟ ಆತೇನ್ರಿ?" ಅನ್ನುತ್ತಿದ್ದ.

ಎಲ್ಲರೂ ಹೋದ ಮೇಲೆ ನಾನು ಹತ್ತಿರ ಹೋದೆ. ಗೋಲು ಆದಾಗ ಅವನು ಗ್ಯಾಲರಿಯ ಕೆಳಗೇ ನಿಂತಿದ್ದ. ಕುಣಿದಾಟದಲ್ಲಿ ಟೊಪ್ಪಿಗೆ ಎಲ್ಲೋ ಬಿದ್ದುಹೋಗಿತ್ತು. ಮೇಲಿನಿಂದ ಎರಚಿದ್ದರಲ್ಲಿ ಅರ್ಧ ಅವನ ಮೇಲೆಯೇ ಬಿದ್ದಿತ್ತು. ಬಿಳಿ ಕೂದಲ ತುಂಬ ಹಳದಿ ಅಕ್ಕಿಕಾಳು.

"ತಲಿ ತುಂಬ ಅಕ್ಕಿಕಾಳು ಕೂತಾವು, ಮಾಮಾ. ನಿಂದ್ರು," ಎಂದು ಕೊಡವಲು ಕೈ ಎತ್ತಿದೆ.

ಮಾಮಾ ನನ್ನ ಕೈ ಹಿಡಿದುಕೊಂಡ.

"ಇರ್ಲಿ ಬಿಡವಾ," ಅಂದ. "ಮನೀ ಮುಟ್ಟೋತನಕ ಇರ್ಲಿ."