ಕೆಂಪು ಚುಕ್ಕೆಯ ಕಾಟ

ಕೆಲವರಿಗೆ ಗೋಡೆಯ ಫೋಟೋ ಓರೆಯಾಗಿದ್ದರೆ ಊಟ ಸೇರುವುದಿಲ್ಲ. ಇನ್ನು ಕೆಲವರಿಗೆ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಮೈಯೆಲ್ಲ ಉರಿ. ನನ್ನ ಕಾಯಿಲೆ ಬೇರೆ. ಮನೆಯ ಮ್ಯೂಸಿಕ್ ಸಿಸ್ಟಮ್ಮಿನ ಕೆಂಪು ದೀಪ ಉರಿಯುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹಾಡು ನಿಲ್ಲಿಸಿದರೆ ಸಾಲದು, ಗೋಡೆಯ ಸ್ವಿಚ್ಚೂ ಆರಬೇಕು. ಹಾಡದೆ ಸುಮ್ಮನೆ ಕೂತು ಕರೆಂಟ್ ಕುಡಿಯುವ ಆ ಪೆಟ್ಟಿಗೆಯನ್ನು ಕಂಡರೆ, ಬಂದ ಕೆಲಸ ಮುಗಿದರೂ ಕಾಫಿ ಕುಡಿಯುತ್ತ ಕೂತೇ ಇರುವ ನೆಂಟರನ್ನು ಕಂಡಂತಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಾರ್ಖಾನೆಯವರು ನನ್ನನ್ನು ವಿದ್ಯುತ್ ಉಳಿತಾಯ ಸಮಿತಿಗೆ ಸೇರಿಸಿದ ಮೇಲಂತೂ ಕಾಯಿಲೆಗೆ ಸರ್ಕಾರಿ ಮೊಹರು ಬಿದ್ದಂತಾಯಿತು. "ನಿಮ್ಮ ಕೈಗೆ ಬಿಟ್ರೆ ದೇವರ ದೀಪಾನೂ ಆರಿಸ್ತೀರಿ," ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ.

ಅವಳು ಶಾಲೆಯ ಟೀಚರು, ನನಗಿಂತ ಮೊದಲೇ ಮನೆ ಬಿಡುತ್ತಾಳೆ. ಆ ದಿನವೂ ಹಾಗೇ ಹೋದಳು. ನಾನು ಬೀಗ ಹಾಕಿ ಬೊಮ್ಮನಹಳ್ಳಿಯಲ್ಲಿ ಕಂಪನಿ ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಕೂತ ಮೇಲೆ ತಲೆಗೆ ಹೊಳೆಯಿತು: ಸಿಸ್ಟಮ್ಮಿನ ಮೇಲೆ ಗಿರಿಜಾ ಎಂದೂ ಇಲ್ಲದ ಕ್ರೋಷಾ ಹೊದಿಕೆ ಹೊದಿಸಿದ್ದಳು. ಅದರ ತೂತಿನಲ್ಲಿ ಏನೋ ಕೆಂಪಗೆ ಕಂಡಿತ್ತು. ದೀಪವೋ, ದಾರವೋ? ದಾರ ಎಂದುಕೊಂಡೆ. ಹೊದಿಕೆ ಪೂರ್ತಿ ಬಿಳಿಯದಲ್ಲವೇ ಎಂದು ಮನಸ್ಸು ಕೇಳಿತು. ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ.

"ಯಾಕೆ ಗುರು, ಹೊಟ್ಟೆ ಸರಿಯಿಲ್ವಾ?" ಎಂದ ಪಕ್ಕದಲ್ಲಿದ್ದ ಸಹೋದ್ಯೋಗಿ ರಮೇಶ.

ಅದಕ್ಕಿಂತ ಮರ್ಯಾದಸ್ಥ ಕಾರಣ ನನ್ನ ಬಳಿ ಇರಲಿಲ್ಲ. ಹೌದೆಂದು ಹೇಳಿ ಸಿಂಗಸಂದ್ರದಲ್ಲಿ ಇಳಿದು ಆಟೋ ಹಿಡಿದೆ. ಹೊಗೆ ಕಾರುತ್ತಾ ಆಟೋ ಲಾರಿಗಳ ಮಧ್ಯೆ ನುಗ್ಗುತ್ತಿದ್ದರೆ, ಒಂದು ಚುಕ್ಕೆ ದೀಪದ ಕರೆಂಟ್ ಉಳಿಸಲು ಎಷ್ಟು ಪೆಟ್ರೋಲ್ ಸುಡುತ್ತಿದ್ದೇನೆ ಎಂಬ ಲೆಕ್ಕ ಸಮಿತಿಯ ಸದಸ್ಯನಾದ ನನಗೇ ಹೊಳೆಯಲಿಲ್ಲ. ಮನೆಗೆ ಬಂದು ನೋಡಿದರೆ ದೀಪವೇ! ಹೊದಿಕೆ ಎತ್ತುವಷ್ಟು ತಾಳ್ಮೆ ಯಾರಿಗಿತ್ತು? ಹಿಂದಕ್ಕೆ ಕೈ ಹಾಕಿ ಗೋಡೆಯ ಸ್ವಿಚ್ ಒತ್ತಿದೆ. ಎದೆ ಹಗುರಾಯಿತು. ಅದೇ ಆಟೋದಲ್ಲಿ ಕಾರ್ಖಾನೆಗೆ ಹೋದೆ.

ಸಂಜೆ ಬಂದರೆ ನಮ್ಮತ್ತೆ ದಾವಣಗೆರೆಯಿಂದ ಬಂದು ಕೂತಿದ್ದಾರೆ. ಅವರು ಹಾಡಿದ ವಚನಗಳು ಅಂದು ಬೆಳಿಗ್ಗೆ ರೇಡಿಯೋದಲ್ಲಿ ಬಂದಿದ್ದವು. ಅರವತ್ತು ದಾಟಿದ ಮೇಲೆ ಸಿಕ್ಕ ಮೊದಲ ಅವಕಾಶ. ಆ ಹೊತ್ತಿಗೆ ಅವರು ಬಸ್ಸಿನಲ್ಲಿದ್ದರು. ಮಗಳು ಕ್ಯಾಸೆಟ್ಟಿಗೆ ಹಿಡಿದಿಡುತ್ತಾಳೆಂಬ ಧೈರ್ಯದ ಮೇಲೆ ಬಂದಿದ್ದರು. ಹೊತ್ತಿಗೆ ಸರಿಯಾಗಿ ತಾನೇ ರೆಕಾರ್ಡ್ ಆಗಲೆಂದು ಗಿರಿಜಾ ಟೈಮರ್ ಇಟ್ಟು, ಸದ್ದು ಪೂರ್ತಿ ತಗ್ಗಿಸಿ, ನನ್ನ ಕಣ್ಣಿಗೆ ಬೀಳದಿರಲೆಂದು ಹೊದಿಕೆ ಹೊದಿಸಿದ್ದಳು. ನನಗೆ ಹೇಳಿದ್ದರೆ ಟೈಮರಿಗೆ ಎಷ್ಟು ಕರೆಂಟ್ ಬೇಕೆಂದು ಭಾಷಣ ಮಾಡುತ್ತಿದ್ದೆನಂತೆ. ಅದು ನಿಜವೇ.

ಕ್ಯಾಸೆಟ್ ತಿರುಗಿತು. ರೇಡಿಯೋದವರು ಅತ್ತೆಯ ಹೆಸರು ಹೇಳಿದರು, ತಂಬೂರಿ ಕೇಳಿತು, ಅತ್ತೆಯ ದನಿ ಏರಿತು, ಏರಿದಲ್ಲೇ 'ಟಕ್' ಎಂದಿತು. ಆಮೇಲೆ ಬರೀ ಗಾಳಿ. ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

"ಕರೆಂಟ್ ಹೋಗಿರಬೇಕು ಬಿಡವ್ವ," ಎಂದರು ಅತ್ತೆ ಮೆಲ್ಲಗೆ.

ನಾನು ಜೋರಾಗಿ ತಲೆಯಾಡಿಸಿದೆ. ಅಷ್ಟರಲ್ಲಿ ಹಾಡು ಕೇಳಲೆಂದು ಬಂದಿದ್ದ ಕೆಳಮನೆಯ ಓನರಮ್ಮ ಮುನಿಯಮ್ಮ, "ಕರೆಂಟ್ ಎಲ್ಲಿ ಓಗಿತ್ತು? ನಮ್ಮನೇಲಿ ಮಿಕ್ಸಿ ಆಡ್ತಾನೇ ಇತ್ತಲ್ಲ. ಆಗ್ಲೇ ಸಾರ್ ಬೇರೆ ಆಟೋನಾಗೆ ಬಂದು ಅಂಗೇ ಹೊಂಟೋದ್ರು," ಎಂದುಬಿಟ್ಟರು.

ಮೂವರೂ ನನ್ನನ್ನು ನೋಡಿದರು. ಗಿರಿಜಾ ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಮಾಡಿಕೊಂಡು, "ಹೋಗ್ಲಿ, ಮುಂದಿಂದು ಈಗ ಹಾಡ್ತೀನಿ. ಅಲ್ಲಿಂದಾನೇ ಹಿಡಿಯವ್ವ. ಅಳಿಯಂದ್ರೇ, ನೀವು ಮಾತ್ರ ಆ ಗೋಡೆ ಬಿಟ್ಟು ಈ ಕಡೆ ಬಂದು ಕೂತ್ಕೊಳ್ಳಿ," ಎಂದರು.

ಕೈಕಟ್ಟಿ ಕೂತೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಹಾಡಿದರು. ಆ ಕ್ಯಾಸೆಟ್ ಈಗ ದಾವಣಗೆರೆಯಲ್ಲಿದೆ. ಮನೆಗೆ ಯಾರೇ ಬರಲಿ, ಅತ್ತೆ ಅದನ್ನು ಹಾಕುತ್ತಾರಂತೆ. ದನಿ ಏರಿ 'ಟಕ್' ಬಂದ ಕೂಡಲೇ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಇದು ನಮ್ಮ ಅಳಿಯಂದ್ರು," ಎಂದು ಪರಿಚಯ ಮಾಡಿಕೊಡುತ್ತಾರಂತೆ.