ಮುಖ ತೋರಿಸುವ ಯಂತ್ರಕ್ಕೆ ಒಬ್ಬ ದರ್ಜಿ ಹೆಂಗಸಿನ ಅರಿಕೆ

ಪಾದರಕ್ಷೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ, ಸೌಂದರ್ಯ ಚಿಕಿತ್ಸಾಲಯದ ಒಳಕೋಣೆಯ ಬಿಳಿ ಮೇಜಿನ ಮೇಲೆ ವಿರಾಜಮಾನರಾಗಿ, ಬಂದವರ ಮುಖವನ್ನು ನುಂಗಿ ಬರಲಿರುವ ಮುಖವನ್ನು ಹೊರಹಾಕುವ ಘನ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ನನ್ನ ನಮಸ್ಕಾರಗಳು. ಕೈಕಾಲು ಇಲ್ಲದವರ ಕ್ಷೇಮ ವಿಚಾರಿಸುವುದು ಹೇಗೆಂದು ತಿಳಿಯದೆ, ತಮ್ಮ ತಂತಿಗಳೂ ಪರದೆಯೂ ದೇವರ ದಯೆಯಿಂದ ಸುಸ್ಥಿತಿಯಲ್ಲಿವೆ ಎಂದು ನಂಬಿ ಬರೆಯುತ್ತಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು, ಇಪ್ಪತ್ತೆಂಟು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕೂತವಳು, ಆದ್ದರಿಂದ ಯಂತ್ರಗಳ ಮೇಲೆ ನನಗೆ ಗೌರವವಿದೆ. ನನ್ನದು ಕಾಲಲ್ಲಿ ತುಳಿಯುವ ಹಳೆಯದು. ದಾರ ಹರಿದರೆ ನಿಂತುಬಿಡುತ್ತದೆಯೇ ಹೊರತು ಹೊಲಿಯುತ್ತಿರುವಂತೆ ನಟಿಸುವುದಿಲ್ಲ. ತಾವು ಅದಕ್ಕಿಂತ ಬಹಳ ಮುಂದುವರಿದವರೆಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಈ ಪತ್ರವನ್ನು ಡಾಕ್ಟರರಿಗೇ ಬರೆಯಬಹುದಿತ್ತಲ್ಲ ಎಂದು ನಾಲ್ಕು ಜನ ಕೇಳಬಹುದು. ಆದರೆ ಆ ದಿನ ನಾನು ಕೇಳಿದ ಒಂದೊಂದು ಪ್ರಶ್ನೆಗೂ ಡಾಕ್ಟರರು ತಾವೇನೂ ಹೇಳದೆ ಪರದೆಯ ಕಡೆ ಕೈ ತೋರಿಸಿದ್ದರಿಂದ, ಆ ಕೋಣೆಯಲ್ಲಿ ಹಿರಿಯರು ಯಾರೆಂಬುದು ನನಗೆ ಅರ್ಥವಾಯಿತು.

ನಾವು ಬಂದಿದ್ದು ನನ್ನ ತಂಗಿಗಾಗಿ. ಅವಳು ನನಗಿಂತ ಏಳು ವರ್ಷ ಚಿಕ್ಕವಳು, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೆಲಸ. ನಮ್ಮಿಬ್ಬರಿಗೂ ನಮ್ಮಮ್ಮನ ರೆಪ್ಪೆ ಬಂದಿದೆ, ನಲವತ್ತು ದಾಟುತ್ತಿದ್ದಂತೆ ಜೋತುಬಿದ್ದು ಕಣ್ಣಿನ ಮೇಲೆ ಮಲಗುವ ಜಾತಿಯದು. ದಿನವಿಡೀ ತಗ್ಗಿ ಬಟ್ಟೆ ನೋಡುವ ನನಗೆ ಅದರಿಂದ ತೊಂದರೆಯಿಲ್ಲ. ಅವಳಿಗೋ ಎದುರಿನ ದರಪಟ್ಟಿಯ ಮೇಲಿನ ಸಾಲು ಕಾಣಬೇಕಾದರೆ ಗದ್ದ ಎತ್ತಬೇಕು. ಗದ್ದ ಎತ್ತಿದರೆ ಕಿಟಕಿಯಾಚೆಯವರು ಇವಳಿಗೆ ಎಷ್ಟು ಸೊಕ್ಕು ಅನ್ನುತ್ತಾರೆ, ಇಳಿಸಿದರೆ "ಏನಮ್ಮಾ, ರಾತ್ರಿ ನಿದ್ದೆ ಮಾಡಿಲ್ವಾ?" ಅನ್ನುತ್ತಾರೆ. ಹೀಗೆ ಅರ್ಧ ಊರಿಗೆ ಸೊಕ್ಕಿನವಳಾಗಿ, ಉಳಿದರ್ಧಕ್ಕೆ ತೂಕಡಿಸುವವಳಾಗಿ ಬಾಳಿ ಬೇಸತ್ತ ನನ್ನ ತಂಗಿ, ರೆಪ್ಪೆಗೆ ಪಾರದರ್ಶಕ ಟೇಪು ಅಂಟಿಸಿಕೊಂಡು ಕೆಲಸಕ್ಕೆ ಹೋಗತೊಡಗಿದಳು. ಸಂಜೆ ಅದನ್ನು ಕೀಳುವಾಗ ಚರ್ಮ ಕೆಂಪಾಗುವುದನ್ನು ನೋಡಿ, ಯಾರಾದರೂ ಡಾಕ್ಟರಿಗೆ ತೋರಿಸೋಣ ಎಂದವಳು ನಾನೇ. ಇನ್ನೊಬ್ಬರನ್ನು ದೂರುವಂತಿಲ್ಲ.

ತಮ್ಮ ಚಿಕಿತ್ಸಾಲಯದ ಸ್ವಾಗತ ಕೋಣೆಯನ್ನು ಎಷ್ಟು ಹೊಗಳಿದರೂ ಸಾಲದು. ಕೂತರೆ ಏಳಲಾಗದ ಸೋಫಾ, ಒಂದು ಗೋಡೆಯ ತುಂಬ 'ಮುಂಚೆ' 'ನಂತರ' ಎಂಬ ಜೋಡಿ ಚಿತ್ರಗಳು, ಇನ್ನೊಂದರಲ್ಲಿ ಬಂಗಾರದ ಅಂಚಿನ ಹನ್ನೊಂದು ಪ್ರಮಾಣಪತ್ರಗಳು. ಬಂದವರೆಲ್ಲ ಮೊದಲ ಗೋಡೆ ನೋಡುತ್ತಿದ್ದರು. ನನಗೆ ಅಕ್ಷರ ಕಂಡಲ್ಲಿ ಓದುವ ಚಾಳಿ ಇರುವುದರಿಂದ, ಕನ್ನಡಕ ಏರಿಸಿಕೊಂಡು ಎರಡನೆಯ ಗೋಡೆಯನ್ನು ಎಡದಿಂದ ಬಲಕ್ಕೆ ಓದಿದೆ. ಹನ್ನೊಂದರಲ್ಲಿ ಒಂಬತ್ತು, ಡಾಕ್ಟರರು ಎರಡು ದಿನದ ಯಾವುದೋ ಸಮ್ಮೇಳನದಲ್ಲಿ 'ಭಾಗವಹಿಸಿದ್ದಾರೆ' ಎಂದು ಹೇಳುತ್ತಿದ್ದವು. ನಾನೂ ಎಷ್ಟೋ ಮದುವೆಗಳಲ್ಲಿ ಭಾಗವಹಿಸಿದ್ದೇನೆ, ಅಷ್ಟು ಸಲ ನನ್ನ ಮದುವೆಯಾದಂತೆ ಆಗಲಿಲ್ಲ. ಹತ್ತನೆಯದು ಚಿಕಿತ್ಸಾಲಯದ ಒಳಾಂಗಣ ಅಲಂಕಾರಕ್ಕೆ ಬಂದ ಬಹುಮಾನ. ಹನ್ನೊಂದನೆಯದರ ಮುಂದೆ ಹೂದಾನಿ ಇಟ್ಟಿದ್ದರು, ಸರಿಸಿ ನೋಡಿದೆ. ಅವರು ಕ್ರಮವಾಗಿ ಓದಿ ಪಾಸಾದ ಹಲ್ಲಿನ ಡಾಕ್ಟರು.

ಹಲ್ಲಿನ ಡಾಕ್ಟರೆಂದರೆ ನನಗೆ ಅಸಡ್ಡೆಯಿಲ್ಲ, ನನ್ನ ಎರಡು ದವಡೆ ಹಲ್ಲು ಅಂಥವರೊಬ್ಬರ ಪುಣ್ಯದಿಂದಲೇ ನಿಂತಿವೆ. ಆದರೆ ಕಿಟಕಿಯ ಪರದೆ ಚೆನ್ನಾಗಿ ಹೊಲಿಯುತ್ತಾರೆಂದು ಯಾರೂ ಮದುಮಗಳ ಬಟ್ಟೆ ಒಯ್ದು ಅವರ ಮುಂದೆ ಹರವುವುದಿಲ್ಲ.

ಒಳಗೆ ಹೋದ ಮೇಲೆ, ತಮ್ಮನ್ನು ನಡೆಸುವ ಹೆಂಗಸು ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ಚಿತ್ರ ತೆಗೆದರು. ಪರದೆಯ ಎಡಕ್ಕೆ 'ಮುಂಚೆ' ಬಂದಿತು, ಬಲಕ್ಕೆ ತಮ್ಮ ಕೃಪೆಯಿಂದ 'ನಂತರ'. ಆಹಾ, ಆ ಮುಖ. ರೆಪ್ಪೆ ಕಾಣದಷ್ಟು ಮೇಲೆ ಸರಿದು, ಕೆನ್ನೆ ಬಿಗಿದು, ಯಾರೋ ಹಿಂದಿನಿಂದ ಬಂದು ಪಟಾಕಿ ಹೊಡೆದಂತೆ ನನ್ನ ತಂಗಿ ಕಣ್ಣರಳಿಸಿ ಕೂತಿದ್ದಳು. ಅವಳಿಗೋ ಅದು ಹಿಡಿಸಿಬಿಟ್ಟಿತು. ಅಂಗಡಿಯ ಗಾಜಿನೊಳಗಿನ ಬಟ್ಟೆ ನೋಡುವವರ ಹಾಗೆ ಅವಳು ಪರದೆ ನೋಡುವುದನ್ನು ಕಂಡು ನನಗೆ ಹೆದರಿಕೆಯಾಯಿತು; ಆ ನೋಟದ ಗಿರಾಕಿ ಅಳತೆ ಸರಿಯಿಲ್ಲದಿದ್ದರೂ ಕೊಂಡೇ ಹೋಗುತ್ತಾಳೆ.

ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸವಿದೆ. ಬಟ್ಟೆಯ ಮುಂಭಾಗ ನೋಡಿ ನಾವು ಯಾರ ಹೊಲಿಗೆಯನ್ನೂ ಒಪ್ಪುವುದಿಲ್ಲ, ತಿರುವಿ ಒಳಮಗ್ಗುಲು ನೋಡುತ್ತೇವೆ. ಅಲ್ಲಿ ಹೊಲಿಗೆಯಾಚೆ ಒಂದು ಬೆರಳು ಬಟ್ಟೆ ಬಿಟ್ಟಿದ್ದಾರೋ ಇಲ್ಲವೋ ನೋಡುತ್ತೇವೆ. ಬಿಟ್ಟಿದ್ದರೆ ನಾಳೆ ಬಿಗಿಯಾದರೆ ಬಿಚ್ಚಬಹುದು. ಕತ್ತರಿಸಿ ಎಸೆದಿದ್ದರೆ ದೇವರೇ ಗತಿ. ಆ ಅಭ್ಯಾಸಬಲದಿಂದಲೇ ನಾನು ಡಾಕ್ಟರರನ್ನು ಕೇಳಿದೆ: ಕತ್ತರಿಸುವ ಕೆಲಸ ಎಲ್ಲಿ ಕಲಿತಿರಿ, ಇದುವರೆಗೆ ಎಷ್ಟು ರೆಪ್ಪೆ ಮಾಡಿದ್ದೀರಿ, ಮಾಡಿಸಿಕೊಂಡವರೊಬ್ಬರ ಜೊತೆ ಮಾತಾಡಬಹುದೇ, ಎಲ್ಲಿ ಮಾಡುತ್ತೀರಿ, ಏನಾದರೂ ಹೆಚ್ಚುಕಮ್ಮಿಯಾದರೆ ಯಾವ ಆಸ್ಪತ್ರೆಗೆ ಓಡಬೇಕು, ರೆಪ್ಪೆಯಲ್ಲಿ ಎಷ್ಟು ಬಿಡುತ್ತೀರಿ. ಡಾಕ್ಟರರು ಬಹಳ ಸೌಜನ್ಯದಿಂದ "ಅಮ್ಮಾ, ಅದೆಲ್ಲ ತಲೆಗೆ ಹಚ್ಕೋಬೇಡಿ. ಇದೇ ಕುರ್ಚಿ, ಅರ್ಧ ಗಂಟೆ ಕೆಲಸ. ನೀವು ಸ್ಕ್ರೀನ್ ನೋಡಿ," ಎಂದರು. ನೋಡಿದೆ. ತಾವು ಮತ್ತದೇ ಮುಖ ತೋರಿಸಿದಿರಿ. ಅದು ಕಣ್ಣು ಮುಚ್ಚುವುದನ್ನು ಒಮ್ಮೆ ತೋರಿಸಿ ಎಂದು ತಮ್ಮನ್ನು ನಡೆಸುವ ಹೆಂಗಸನ್ನು ಬೇಡಿಕೊಂಡೆ. ಆಕೆ ಪಾಪ ಎಲ್ಲ ಕಡೆ ಹುಡುಕಿ, "ಅಂಥ ಬಟನ್ ಇಲ್ಲ ಅಕ್ಕಾ," ಎಂದರು.

ನನ್ನ ಬಾಯಿ ಮುಚ್ಚಿಸಲೆಂದೋ ಉಪಚಾರಕ್ಕೆಂದೋ, ಆಕೆ ನನ್ನನ್ನೂ ಆ ಕುರ್ಚಿಯಲ್ಲಿ ಕೂರಿಸಿದರು. ಬೇಡವೆಂದೆ, ಆದರೂ ಕೂತೆ. ಸುಳ್ಳು ಹೇಳಬಾರದು, ಸ್ವಲ್ಪ ಆಸೆಯೂ ಆಯಿತು. ತಾವು ನನ್ನ ರೆಪ್ಪೆಯನ್ನು ಒಂದಿಷ್ಟು ಎತ್ತಿ, ಕತ್ತಿನ ಮಡಿಕೆ ಒರೆಸಿ, ಏಳೆಂಟು ವರ್ಷ ಕಳೆದು, ನನ್ನ 'ನಂತರ'ವನ್ನು ಪರದೆಗೆ ತಂದಿರಿ. ತಂಗಿ ಎದ್ದು ಬಂದು ನೋಡಿ, "ನನ್ನದನ್ನೇ ಮತ್ತೆ ಯಾಕೆ ಹಾಕಿದ್ರಿ?" ಎಂದಳು. ಹೆಂಗಸು, "ಇದು ನಿಮ್ಮದಲ್ಲ, ಅಕ್ಕನದು," ಎಂದು ಎರಡನ್ನೂ ಪಕ್ಕಪಕ್ಕ ಇಟ್ಟರು. ಎಡಕ್ಕೆ ತಂಗಿಯ 'ಮುಂಚೆ', ಬಲಕ್ಕೆ ನನ್ನ 'ನಂತರ'. ಮಾನ್ಯರೇ, ಎರಡೂ ಒಂದೇ ಮುಖ. ಅಷ್ಟು ಕಷ್ಟಪಟ್ಟು ಕತ್ತರಿಸಿ ಹೊಲಿದು ನನಗೆ ಕೊಡಿಸುವೆವೆಂದು ತಾವು ಆಸೆ ಹುಟ್ಟಿಸಿದ ಮುಖವನ್ನು, ನನ್ನ ತಂಗಿ ಬಿಸಾಡಲೆಂದು ಹೊತ್ತುಕೊಂಡು ಬಂದಿದ್ದಳು.

ತಂಗಿ ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು ಬರುವಷ್ಟು. "ಅಕ್ಕಾ, ಏಳು, ನಡಿ ಮನೆಗೆ. ನಿನಗೆ ಬೇಕಾದ್ರೆ ನಂದೇ ಕೊಡ್ತೀನಿ," ಎಂದಳು. ಅವಳು ಹಾಗೆ ನಕ್ಕು ವರ್ಷವಾಗಿತ್ತು. ಇದಕ್ಕಾಗಿ ನಾನು ತಮಗೆ ಋಣಿ, ಇದು ವ್ಯಂಗ್ಯವಲ್ಲ.

ಆದರೆ ನಕ್ಕರೆ ರೆಪ್ಪೆ ಏಳುವುದಿಲ್ಲವಲ್ಲ. ಕಾಣದಿದ್ದ ಮೇಲಿನ ಸಾಲು ಕಾಣದಂತೆಯೇ ಉಳಿಯಿತು, ಟೇಪು ಮತ್ತೆ ಅಂಟಿತು. ಈ ಸಲ ನಾನು ಗೋಡೆಯ ಚಿತ್ರ ನೋಡುವುದನ್ನು ಬಿಟ್ಟು, ತಂಗಿಯಿಂದ ಫೋನಿನಲ್ಲಿ ವೈದ್ಯರ ಸರಕಾರಿ ಪಟ್ಟಿ ತೆರೆಸಿ, ಯಾರು ಯಾವುದರಲ್ಲಿ ಪಾಸಾಗಿದ್ದಾರೆಂದು ಒಂದೊಂದಾಗಿ ಓದಿಸಿದೆ. ಹಾಗೆ ಸಿಕ್ಕವರು ದೊಡ್ಡಾಸ್ಪತ್ರೆಯ ಒಬ್ಬ ಡಾಕ್ಟರಮ್ಮ, ಇದೇ ಶಸ್ತ್ರಚಿಕಿತ್ಸೆಯನ್ನು ವರ್ಷಗಟ್ಟಲೆ ಕಲಿತು ಪರೀಕ್ಷೆ ಕೊಟ್ಟವರು. ಅವರ ಕೋಣೆಯಲ್ಲಿ ತಮ್ಮಂಥ ಗಣ್ಯರು ಯಾರೂ ಇರಲಿಲ್ಲ, ಒಂದು ಕೈಗನ್ನಡಿ ಮತ್ತು ಒಂದು ಅಳತೆಪಟ್ಟಿ ಇದ್ದವು. ಅದೇ ಪ್ರಶ್ನೆಗಳನ್ನು ಅವರಿಗೂ ಕೇಳಿದೆ. ಅವರು ಬೇಸರಿಸದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಎಷ್ಟು ಸಲ ಕೆಟ್ಟಿದೆ ಎಂದು ಕೇಳುವಾಗ ನನ್ನ ನಾಲಿಗೆ ತಡವರಿಸಿತು, ಅವರದು ತಡವರಿಸಲಿಲ್ಲ: "ಮೂರು ಜನಕ್ಕೆ ಮತ್ತೆ ಕೈ ಹಾಕ್ಬೇಕಾಯ್ತು. ಇವರಿಗೂ ಆಗಲ್ಲ ಅಂತ ಬರೆದುಕೊಡೋಕೆ ಆಗಲ್ಲ." ತಂಗಿ ಮೆಲ್ಲಗೆ ಕೆನ್ನೆಯ ವಿಷಯ ಎತ್ತಿದಾಗ, "ಕೆನ್ನೆಗೇನಾಗಿದೆ, ಸುಮ್ಮನೆ ಬಿಡಿ," ಎಂದುಬಿಟ್ಟರು. ಐದು ವರ್ಷದ ಹಿಂದೆ ಅವರಲ್ಲಿ ರೆಪ್ಪೆ ಮಾಡಿಸಿಕೊಂಡ ಗ್ರಂಥಾಲಯದ ಹೆಂಗಸೊಬ್ಬರನ್ನು ಕೇಳಿ ಒಪ್ಪಿಸಿ, ನಮಗೆ ಭೇಟಿಯನ್ನೂ ಮಾಡಿಸಿದರು. ನಾನು ಆ ಹೆಂಗಸನ್ನು ಕಿಟಕಿಯ ಬೆಳಕಿಗೆ ಕರೆದು, ಕಣ್ಣು ಮುಚ್ಚಿಸಿ, ಹೊಲಿಗೆ ಹುಡುಕಿದೆ. ಇಪ್ಪತ್ತೆಂಟು ವರ್ಷದ ಕಣ್ಣಿಗೂ ಸಿಗಲಿಲ್ಲ.

ಆದರೂ ನನ್ನ ಮನಸ್ಸು ನಿಂತಿದ್ದು ಇನ್ನೊಂದು ಗಳಿಗೆಯಲ್ಲಿ. ಡಾಕ್ಟರಮ್ಮ ತಂಗಿಯ ರೆಪ್ಪೆಯನ್ನು ಚಿಮಟದಲ್ಲಿ ಮೆಲ್ಲಗೆ ಹಿಡಿದು, ನಾವು ಸೀಮೆಸುಣ್ಣದಲ್ಲಿ ಗುರುತು ಹಾಕುವಂತೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದು, "ಈಗ ಕಣ್ಣು ಮುಚ್ಚಿ," ಎಂದರು. ಪಟ್ಟಿ ಇಟ್ಟು ಅಳೆದರು. ಆ ಗೆರೆಯನ್ನು ಒರೆಸಿ ಸ್ವಲ್ಪ ಕೆಳಗೆ ಇನ್ನೊಂದು ಎಳೆದು, ನಾನು ಕೇಳುವ ಮುಂಚೆಯೇ ನನ್ನ ಕಡೆ ತಿರುಗಿ, "ಇಷ್ಟು ಬಿಟ್ಟಿರ್ತೀನಿ. ಚಂದ ಕಾಣಲಿ ಅಂತ ಇನ್ನೂ ತೆಗೆದ್ರೆ, ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚಲ್ಲ. ಕಣ್ಣು ಒಣಗಿ ದೃಷ್ಟಿಗೇ ಸಂಚಕಾರ," ಎಂದರು. ಒಳಗೆ ಬಟ್ಟೆ ಬಿಡುವವರು ಸಿಕ್ಕರೆಂದು ನಾನು ಅಲ್ಲೇ ದೇವರಿಗೆ ಕೈ ಮುಗಿದೆ.

ಇಷ್ಟೆಲ್ಲ ಆದ ಮೇಲೆ ತಮ್ಮಲ್ಲಿ ನನ್ನ ಕೆಲವು ಸಣ್ಣ ಬೇಡಿಕೆಗಳಿವೆ. 'ಮುಂಚೆ' 'ನಂತರ'ದ ನಡುವೆ 'ನಡುವೆ' ಎಂಬ ಒಂದು ಚಿತ್ರವನ್ನೂ ತೋರಿಸುವಂತಾಗಬೇಕು. ದೊಡ್ಡಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ನನ್ನ ತಂಗಿಯ ಮುಖ ಕೊಳೆತ ಬದನೆಕಾಯಿಯ ಬಣ್ಣಕ್ಕಿತ್ತು, ಅದು ಯಾವ ಗೋಡೆಯ ಮೇಲೂ ಇಲ್ಲ. ಮುಖಕ್ಕೆ ನಗುವ, ಅಳುವ, ಸೀನುವ ಸೌಕರ್ಯವನ್ನೂ, ಕಣ್ಣು ಮುಚ್ಚುವ ಆ ಬಟನ್ನನ್ನೂ ದಯಪಾಲಿಸಬೇಕು. ಹೆಚ್ಚು ಹೊರೆಯಾಗದಿದ್ದರೆ, ಕತ್ತರಿ ಹಿಡಿಯುವ ಡಾಕ್ಟರರನ್ನೇ ಮೊದಲು ಆ ಕುರ್ಚಿಯಲ್ಲಿ ಕೂರಿಸಿ, ಅವರು ಆ ಕೆಲಸ 'ಕಲಿಯುವ ಮುಂಚೆ' ಮತ್ತು 'ಕಲಿತ ನಂತರ' ಎಂಬ ಎರಡು ಚಿತ್ರಗಳನ್ನು ತೆಗೆದು ಬಾಗಿಲಲ್ಲೇ ತೂಗುಹಾಕಬೇಕು. ಎರಡೂ ಒಂದೇ ಆಗಿದ್ದರೆ ನಮ್ಮಂಥವರು ಸೋಫಾದಲ್ಲಿ ಕೂರದೆ, ಕೆಳಗಿಳಿದು ಚಪ್ಪಲಿ ನೋಡಿಕೊಂಡು ಹೋಗುತ್ತೇವೆ.

ಈಗ ಎರಡು ತಿಂಗಳಾಯಿತು. ತಂಗಿಗೆ ಗದ್ದ ಎತ್ತದೆಯೇ ಮೇಲಿನ ಸಾಲು ಕಾಣುತ್ತದೆ. ಯಾರೂ ಅವಳನ್ನು ಸುಂದರಿ ಎನ್ನಲಿಲ್ಲ, ಏನು ಮಾಡಿಸಿದೆ ಎಂದೂ ಕೇಳಲಿಲ್ಲ. ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ, ಅವಳಿಗೆ ಬೇಕಾಗಿದ್ದೂ ಅಷ್ಟೇ. ಕಣ್ಣಿನ ಪಟ್ಟಿ ಬಿಚ್ಚಿ, ಊತ ಇಳಿದ ಮೇಲೆ ಒಂದು ಮುಂಜಾನೆ ಇಬ್ಬರೂ ಎಂದಿನಂತೆ ಪ್ರಾರ್ಥನೆಗೆ ಕೂತೆವು. ಐವತ್ತು ವರ್ಷದಲ್ಲಿ ದೇವರ ಮುಂದೆ ನಾನು ಎಂದೂ ಮಾಡದ ಕೆಲಸವನ್ನು ಆ ದಿನ ಮಾಡಿದೆ: ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದು ಪಕ್ಕಕ್ಕೆ ನೋಡಿದೆ. ತಂಗಿಯ ಎರಡೂ ಕಣ್ಣು ಪೂರ್ತಿ ಮುಚ್ಚಿದ್ದವು, ಒಂದು ಎಳೆ ಬೆಳಕೂ ಒಳಗೆ ಹೋಗದ ಹಾಗೆ. ಆಮೇಲೆ ನಾನೂ ಮುಚ್ಚಿದೆ.

ಇಂತು, ಇನ್ನೆಂದೂ ತಮ್ಮೆದುರು ಕೂರದ,
ತಮ್ಮ ವಿಶ್ವಾಸಿ,
ಏಣಿಮೆಟ್ಟಿಲ ಕೆಳಗಿನ ಹೊಲಿಗೆ ಅಂಗಡಿಯವಳು

ತಾ. ಕ.: ಎಲ್ಲಿ ಕಲಿತಿರಿ ಎಂದು ನಾನು ಕೇಳಿದಾಗ ತಮ್ಮ ಡಾಕ್ಟರರ ಎರಡು ಹುಬ್ಬಿನ ನಡುವೆ ಒಂದು ಆಳವಾದ ಗೆರೆ ಮೂಡಿತು. ಅವರಂಥ ಸೌಂದರ್ಯಪ್ರಿಯರಿಗೆ ಅದು ಶೋಭಿಸುವುದಿಲ್ಲ. ಅದನ್ನು ತೆಗೆಯಲು ಕತ್ತರಿ ಬೇಡ, ಪ್ರಶ್ನೆಗೆ ಉತ್ತರ ಕೊಟ್ಟರೆ ತಾನಾಗಿ ಹೋಗುತ್ತದೆ ಎಂದು ಅವರಿಗೆ ತಿಳಿಸಬೇಕಾಗಿ ಕೋರಿಕೆ. ಹಾಗೆಯೇ, ಆ ಹೂದಾನಿಯನ್ನು ನಾನು ಸರಿಸಿದ ಜಾಗದಲ್ಲೇ ಬಿಟ್ಟು ಬಂದಿದ್ದೇನೆ. ಮತ್ತೆ ಮುಂದೆ ಎಳೆಯದಂತೆ ತಾವು ಒಂದು ಕಣ್ಣಿಟ್ಟಿರಿ.