ಟಾಕಿ ಮುಚ್ಚಳದ ತೂತು

ಮೊದಲ ತುಳಸಿ ಮುಟ್ಟಿ ಆಣಿ ಮಾಡು. ಹಂಗಲ್ಲ, ಬರೋಬರ್ ಮುಟ್ಟು. ಎಣ್ಣಿ ಡಬ್ಬ್ಯಾಗ ಹಚ್ಚಿದ್ರೇನಾತು, ತುಳಸಿ ತುಳಸೀನ. ಯಾರಿಗೂ ಹೇಳಂಗಿಲ್ಲ. ನಿನ್ನ ಗಂಡಗೂ ಹೇಳಂಗಿಲ್ಲ, ಬ್ಯಾಂಕಿನವರು ರೊಕ್ಕ ಗಟ್ಟಿ ಹಿಡೀತಾರ, ಬಾಯಿ ಹಿಡ್ಯಂಗಿಲ್ಲ. ನೀ ಈ ವಾಡೆಕ್ಕ ಬಂದು ಇನ್ನೂ ತಿಂಗಳಾಗಿಲ್ಲ, ನಿಂಗ ಗೊತ್ತಿಲ್ಲ. ಇಲ್ಲಿ ಇಂಥಾವು ಆಕ್ಕೋತನ ಇರತಾವ. ಒಂದು ಮುಗೀತು ಅನ್ನೂದ್ರಾಗ ಇನ್ನೊಂದು. ನಗಬೇಕೋ ಅಳಬೇಕೋ ತಿಳೀದಂಗ.

ಕುಂಡ್ರು. ಜಲ್ದಿ ಹೇಳಿಬಿಡ್ತೀನಿ, ದೀಪ ಹಚ್ಚೂ ಹೊತ್ತಿಗೆ ಒಬ್ಬರು ಬರಾವ್ರದಾರ.

ಗುಂಯ್

ಅಂಗಳದಾಗ ಚಾದರ ಹೊದಿಸಿ ನಿಂದ್ರಿಸ್ಯಾರಲ್ಲ, ಆ ಕರೀ ಗುಂಡನ ಕಾರು, ಅದು ಎದುರು ಮನಿ ಸಾಹೇಬ್ರದು. ರೈಲ್ವೇದಾಗ ಎಂಜಿನ್ ರಿಪೇರಿ ಮಾಡಸ್ತಿದ್ರು. ನಮ್ಮ ಕಡೆಯವರ, ಗದಗಿನವರು. ರಿಟೈರ್ ಆದ ಮ್ಯಾಲ ರಿಪೇರಿ ಮಾಡಾಕ ಏನೂ ಸಿಗಲಿಲ್ಲ, ಕಾರಿಗೆ ಗಂಟು ಬಿದ್ರು. ಕಾರು ಖರೆ ಅಂದ್ರ ವೈನೀದು, ಅವರ ಹೇಣ್ತೀದು. ವೈನಿ ಅಪ್ಪ ಲಗ್ನದಾಗ ಕೊಟ್ಟಿದ್ದು. ಮಕ್ಕಳಿಲ್ಲ. ಮನ್ಯಾಗ ಇಬ್ಬರು, ಅಂಗಳದಾಗ ಕಾರು.

ವೈನಿಗೆ ಎದಿ ಬ್ಯಾನಿ. ಹೊಗಿ ಕಂಡ್ರ ಕೆಮ್ಮು, ಕೆಮ್ಮು ಅಂದ್ರ ನಾಕು ಮನಿ ಕೇಳೂವಂಥಾದ್ದು. ಆ ಹಳೇ ಕಾರು ಹೊಗಿ ಬಿಡೂದ್ರಾಗ ಇಟ್ಟಂಗಿ ಭಟ್ಟಿ. ವೈನಿಗೆ ಒಂದ ಆಸೆ, ತಮ್ಮಪ್ಪನ ಕಾರಿನಾಗ ಕುಂತು ರಾಮಟೇಕಕ್ಕ ಹೋಗಿ ಗುಡ್ಡ ಹತ್ತಿ ದೇವರಿಗೆ ಕೈ ಮುಗೀಬೇಕು. ಸಾಹೇಬ್ರು ಮಾತ ಕೊಟ್ರು: "ಹೊಗಿನ ಬಿಡಲಾರದಂಗ ಮಾಡ್ತೀನಿ, ಆಮ್ಯಾಲ ಕರಕೊಂಡ ಹೋಗ್ತೀನಿ."

ಒಬ್ಬ ಮೋಟಾರ್ ಮಿಸ್ತ್ರೀನ್ನ ಹಿಡಕೊಂಡ ಬಂದ್ರು. ಇಬ್ಬರೂ ಕೂಡಿ ಹಳೇ ಕಾರ್ಬುರೇಟರ್ ಕಿತ್ತಿ ಒಗದ್ರು. ಎಲ್ಲೋ ಅಪಘಾತ ಆಗಿ ಸತ್ತ ಹೊಸಾ ಕಾರಿಂದು ಪಂಪು, ಪೈಪು, ಒಂದು ಸಣ್ಣ ಕಂಪ್ಯೂಟರ್ ಡಬ್ಬಿ ತಂದು ಇದಕ್ಕ ಹಚ್ಚಿದ್ರು. ಮೊದಲ ಎಂಜಿನ್ನು ತನಗ ಬೇಕಾದಷ್ಟು ಪೆಟ್ರೋಲು ತಾನ ಜಗ್ಗಿ ಕುಡೀತಿತ್ತಂತ. ಈಗ ಪೆಟ್ರೋಲ್ ಟಾಕಿ ಬಾಜೂಕ ಕರೆಂಟಿನ ಪಂಪು ಕುಂತು ಪಿಚಕಾರಿ ಹೊಡದಂಗ ಹೊಡೀತೈತಂತ. ಕೀಲಿ ತಿರುವಿದ್ರ ಸಾಕು, ಹಿಂದಿನಿಂದ "ಗುಂಯ್" ಅಂತಿತ್ತು. ಮುಂಜಾನೆ ಎದ್ದ ಕೂಡ್ಲೆ ಸಾಹೇಬ್ರು ಮಾರಿ ಸೈತ ತೊಳೀದ ಹೋಗಿ ಆ ಗುಂಯ್ ಕೇಳತಿದ್ರು.

ವೈನಿ ನಂಗಂದ್ರು: "ಲಗ್ನಾಗಿ ಮೂವತ್ತೈದು ವರ್ಷ ಆತ ಬಾಯಿ. ನಾ ಕೆಮ್ಮಿ ಸತ್ರೂ ಮಗ್ಗಲಾ ಬದಲ ಮಾಡತಿದ್ದಿಲ್ಲ. ಇದು ಗುಂಯ್ ಅಂದ್ರ ಎದ್ದು ಓಡ್ತಾರ."

ಹಪ್ಪಳ

ಆ ಕಾರಿನ ಹಿಂಭಾಗ ಬರೋಬರ್ ನನ್ನ ಅಡಗಿ ಮನಿ ಕಿಡಕಿಗೆ. ಕಿಡಕಿ ಮುಂದ ಖಾಟು, ಖಾಟಿನ ಮ್ಯಾಲ ನನ್ನ ಹಪ್ಪಳ. ನಾಗಪುರದ ಬಿಸಲಿನಾಗ ಒಂದ ದಿನಕ್ಕ ಒಣಗತಾವ, ಅದೊಂದ ಸುಖ ಈ ಊರಾಗ.

ಆ ವರ್ಷ ನನ್ನ ಮಗಳನ್ನ ನೋಡಾಕ ಮಂದಿ ಬಂದಿದ್ರು. ಹಪ್ಪಳ ಕರದು ಇಟ್ಟೆ. ಹುಡುಗನ ತಾಯಿ ಒಂದ ತುಣುಕು ಬಾಯಾಗಿಟ್ಟು ಕೇಳಿದ್ಲು: "ಇದಕ್ಕ ಏನ ಹಾಕೀರಿ?"

"ಹಿಂಗ್ರಿ," ಅಂದೆ.

ಹುಡುಗನ ಅಪ್ಪ ಬಸ್ ಡೆಪೋದಾಗ ಕೆಲಸ ಮಾಡಾಂವ. ಮೂಸಿ ನೋಡಿದ. "ಹಿಂಗಲ್ಲರಿ ಅಕ್ಕಾರ. ಇದನ್ನ ನಾ ದಿನಾ ಮೂಸತೀನಿ. ಪೆಟ್ರೋಲು."

ಹ್ವಾದ್ರು. ಮತ್ತ ಬರಲಿಲ್ಲ.

ನಾ ಅಂಗಳಕ್ಕ ಹೋಗಿ ಮೂಸಕೋತ ಮೂಸಕೋತ ನೋಡಿದೆ. ವಾಸನಿ ಬರೂದು ಟಾಕಿ ಮುಚ್ಚಳದಿಂದ. ಮುಚ್ಚಳದಾಗ ಸೂಜಿ ಹೋಗೂವಷ್ಟು ತೂತು. ಮುಚ್ಚಳ ಹಳೇದು, ಹರದೈತಿ ಅಂದಕೊಂಡೆ. ಪೆಟ್ರೋಲ್ ಟಾಕಿ ಸೋರಿದ್ರ ಸಾಬೂನು ತಿಕ್ಕತಾರ, ಅದು ನಂಗೂ ಗೊತ್ತು. ಬಚ್ಚಲಕ್ಕ ಹೋಗಿ ಸವದ ಗುಲಾಬಿ ಸಾಬೂನು ತಂದು, ತೋಯಿಸಿ, ಹೆಬ್ಬಟ್ಟಲೆ ತೂತಿನಾಗ ತುಂಬಿ ಒತ್ತಿದೆ. ವಾಸನಿ ಬಂದ್ ಆತು. ನಾ ನಾಕನೇ ಇಯತ್ತೆಕ್ಕ ಸಾಳಿ ಬಿಟ್ಟಾಕಿ, ಆದ್ರ ಅವತ್ತು ಮಿಸ್ತ್ರಿಗಿಂತ ನಾನ ಶಾಣ್ಯಾಕಿ ಅಂತ ಎದಿ ಉಬ್ಬಿಸಿ ಒಳಗ ಬಂದೆ.

ಮಗಳಿಗೆ ಆಮ್ಯಾಲ ಬ್ಯಾರೆ ಕಡೆ ಕೂಡಿ ಬಂತು. ಅವರು ಬಂದಾಗ ಬಿಸ್ಕೀಟು ಇಟ್ಟೆ.

ದವಾಖಾನ್ಯಾಗ ಬರಲಾರದ ಕೆಮ್ಮು

ರಾಮಟೇಕಕ್ಕ ಹೊಂಟ ದಿನ ವೈನಿ ಹಸರ ಇಳಕಲ್ ಸೀರಿ ಉಟ್ರು. ಸಾಹೇಬ್ರು ಟಾಕಿ ತುಂಬ ಪೆಟ್ರೋಲ್ ಹಾಕಿಸಿದ್ರು. ವಾಡೇದವರೆಲ್ಲಾ ಕೈ ಮಾಡಿ ಕಳಿಸಿದ್ವಿ. ಹೊಗಿ ಇಲ್ಲ, ಗದ್ಲ ಇಲ್ಲ, ರಾಣಿ ಹೋದಂಗ ಹೋತು ಕಾರು. ಮಧ್ಯಾಹ್ನಕ್ಕ ಸಂತ್ರಿ ಹಣ್ಣಿನ ಟ್ರಕ್ಕಿಗೆ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂತು. ಕಾಮ್ಟಿ ರಸ್ತೆದಾಗ ನಿಂತ ಬಿಟ್ಟಿತ್ತಂತ. ವೈನಿ ಒಳಗ ಕುಂತು ಸಂತ್ರಿ ಸುಲೀತಿದ್ರು. "ರಾಮಟೇಕದ ಪ್ರಸಾದ," ಅಂತ ನಂಗೂ ಎರಡು ಕೊಟ್ರು.

ಮಿಸ್ತ್ರಿ ಬಂದ. ಅಂಗಳದಾಗ ಪರೀಕ್ಷೆ ಚಾಲೂ. ಮುಚ್ಚಳ ತಗದು ಕಟ್ಟಿ ಮ್ಯಾಲ ಇಡೂದು, ಒಳಗ ಬ್ಯಾಟರಿ ಬೆಳಕ ಬಿಟ್ಟು ನೋಡೂದು, ಪೈಪಿಗೆ ಗಡಿಯಾರದಂಥಾದ್ದೊಂದು ಹಚ್ಚಿ ಎಂಜಿನ್ ಚಾಲೂ ಮಾಡೂದು. ಮುಳ್ಳು ಪೊಲೀಸನಂಗ ನೆಟ್ಟಗ ನಿಂದ್ರತಿತ್ತು.

"ಪ್ರೆಶರ್ ಏಕದಂ ಬರೋಬರ್ ಹೈ, ಸಾಬ್."

"ಮತ್ತ ರಸ್ತೆದಾಗ ಯಾಕ ನಿಂದ್ರತೈತೋ?"

ಪೆಟ್ರೋಲ್ ಸೋಸೂ ಜಾಳಿಗಿ ಬದಲ ಮಾಡಿದ್ರು. ಪೈಪು ಬದಲ ಮಾಡಿದ್ರು. ಕಡೀಕೆ ಪಂಪನ್ನೂ ಬದಲ ಮಾಡಿದ್ರು. ಹೊಸಾದು ಹಚ್ಚಿದ್ದರ ಮ್ಯಾಲ ಅವರಿಗೆ ಸಂಶೆ, ಹಳೇ ಮುಚ್ಚಳದ ಕಡೆ ಯಾರ ನೋಡತಾರ? ಚೂರು ಪೆಟ್ರೋಲ್ ಇದ್ದಾಗ ಬಜಾರಕ್ಕ ಹೋಗಿ ಬಂದ್ರ ಏನೂ ಇಲ್ಲ. ರಾಮಟೇಕಕ್ಕಂತ ಟಾಕಿ ತುಂಬಿಸಿದ್ರೋ, ಊರ ದಾಟೂದ್ರಾಗ ಪಂಪು ಗುಂಯ್ ಬಿಟ್ಟು ಕುಂಯ್ ಕುಂಯ್ ಅಂದು ಗಪ್. ಮೂರು ಸಲ ಹಸರ ಸೀರಿ ಉಟ್ಟು ಮೂರು ಸಲ ಬಿಚ್ಚಿಟ್ರು.

ವೈನಿ ಬಾಗಲದಾಗ ಕುರ್ಚಿ ಹಾಕಿಕೊಂಡು ಎಲ್ಲಾ ನೋಡತಿದ್ರು. ಒಂದಿನ ನಾ ಕೊಟ್ಟ ಹಪ್ಪಳ ತಿಂತ, "ಈಗ ನಿನ್ನ ಹಪ್ಪಳದ ಪೆಟ್ರೋಲ್ ವಾಸನಿ ಹೋತಲ್ಲ ಬಾಯಿ," ಅಂತ ನಕ್ರು. ನಾನೂ ನಕ್ಕೆ. ಆಮ್ಯಾಲ ಗಂಡನ್ನ ಕರದು ಅಂದ್ರು: "ಅದು ನನ್ನ ಗತೇನ ಐತ್ರಿ. ಡಾಕ್ಟರ ಮುಂದ ಕುಂತಾಗ ನಂಗೂ ಕೆಮ್ಮು ಬರಂಗಿಲ್ಲ."

ದೀಪಾವಳಿ ಆದ ಮ್ಯಾಲ ಹೋಗೂಣು ಅಂದಿದ್ರು ಸಾಹೇಬ್ರು. ದೀಪಾವಳಿ ಮೊದಲ ಒಂದ ಮುಂಜಾನೆ ವೈನಿಗೆ ಉಸರ ಹತ್ತಿತು. ಆಟೋದಾಗ ದವಾಖಾನಿಗೆ ಒಯ್ದ್ರು. ಆಟೋ ಎಲ್ಲೂ ನಿಂದ್ರಲಿಲ್ಲ. ವೈನೀನ ನಿಂತ ಬಿಟ್ರು.

ಗಡಿಗಿ

ಅಸ್ಥಿ ಗಡಿಗಿ ಮನಿಯೊಳಗ ತರಂಗಿಲ್ಲ, ಸುಡುಗಾಡದಾಗ ಗೂಟಕ್ಕ ತೂಗ ಹಾಕಿದ್ರು. ಹತ್ತು ದಿನದೊಳಗ ನೀರಿಗೆ ಬಿಡಬೇಕು. ಎಲ್ಲಾರೂ ಜೀಪು ಮಾಡಸ್ತೀವಿ ಅಂದ್ರು. ಸಾಹೇಬ್ರು ಕೇಳಲಿಲ್ಲ. "ಮಾತ ಕೊಟ್ಟೀನಿ. ಈ ಕಾರಿನಾಗ ರಾಮಟೇಕಕ್ಕ ಒಯ್ಯತೀನಿ." ಹಟ ಮಾಡಕೋತ ಹತ್ತನೇ ದಿನಾನ ಬಂತು.

ಹೆಣ್ಮಕ್ಕಳು ಹೋಗೂದು ಪದ್ಧತಿ ಅಲ್ಲ. ಆದ್ರ ಗಡಿಗಿ ನೆಲಕ್ಕ ಇಡಂಗಿಲ್ಲ. ಸಾಹೇಬ್ರು ಕಾರು ಹೊಡ್ಯಾವ್ರು. ಅಸ್ಥಿ ಬಿಡಸಾಕ ಬಂದ ಗುರುಜಿ, "ಮಧ್ಯಾಹ್ನ ಒಂದು ಲಗ್ನ ಮಾಡಸೂದೈತಿ, ನಾ ಮುಟ್ಟಂಗಿಲ್ಲ," ಅಂದ್ರು. ಮಿಸ್ತ್ರಿ ಕೈ ತುಂಬ ಗ್ರೀಸು. ಉಳದಾಕಿ ನಾನ. ವೈನೀನ್ನ ತೊಡಿ ಮ್ಯಾಲ ಇಟ್ಟಕೊಂಡು ಕುಂತೆ. ಎಷ್ಟ ಹಗರ ಆಗಿದ್ರವ್ವಾ.

ಟಾಕಿ ತುಂಬ ಪೆಟ್ರೋಲು. ಕಾಮ್ಟಿ ಬರೂದ್ರಾಗ ನಿಂತಿತು. ಮಿಸ್ತ್ರಿ ಇಳದು, ಮುಚ್ಚಳ ತಗದು, ಕಡ್ಡಿ ಅದ್ದಿ ನೋಡಿ, "ಮಾಲ್ ಫುಲ್ ಹೈ," ಅಂತ ಮುಚ್ಚಿದ. ಚಾಲೂ ಆತು. ಕನ್ಹಾನ್ ಹೊಳಿ ಪೂಲಿನ ಮ್ಯಾಲ ಮತ್ತ ನಿಂತಿತು. ಮತ್ತ ಕಡ್ಡಿ, ಮತ್ತ ಚಾಲೂ. ಪೂಲು ದಾಟಿ ಸ್ವಲ್ಪ ದೂರಕ್ಕ ಮೂರನೇ ಸಲ.

ಗುರುಜಿ ಗಡಿಯಾರ ನೋಡಿದ್ರು, ಗಡಿಗಿ ನೋಡಿದ್ರು. "ಇದು ಕಾರಿನ ದೋಷ ಅಲ್ಲ. ತಾಯಿಗೆ ಬಿಟ್ಟು ಹೋಗಾಕ ಮನಸಿಲ್ಲ. ಏನೋ ಉಳದೈತಿ."

ಸಾಹೇಬ್ರು ಆ ಟ್ರಕ್ಕು ಹೋಗೂ ರಸ್ತೆ ಬಾಜೂಕ, ನನ್ನ ಕೈಯಾಗಿನ ಗಡಿಗಿ ಮುಂದ, ಮೊಣಕಾಲೂರಿ ಕುಂತ ಬಿಟ್ರು. "ಏನ ಉಳದೈತಿ ಹೇಳ. ಬೇಕಾದ್ರ ಬೈ. ಹಿಂಗ ನಡು ರಸ್ತೆದಾಗ ನಿಂದ್ರಸಬ್ಯಾಡ." ಆ ಮನಶ್ಯಾ ಸುಡುಗಾಡದಾಗೂ ಅತ್ತಿದ್ದಿಲ್ಲ.

ಮಿಸ್ತ್ರಿ ಮತ್ತ ಮುಚ್ಚಳ ತಿರುವಿದ. ಈ ಸಲ ನಾ ಇಳದು ಅಲ್ಲೇ ನಿಂತಿದ್ದೆ. ಕೇಳಿಸ್ತು: "ಸ್ಸ್ಸ್..." ಹೊರಗಿನ ಗಾಳಿ ಒಳಗ ನುಗ್ಗೂ ಸಪ್ಪಳ.

ಆಗ ಹೊಳೀತು. ನಿಂಗೂ ಗೊತ್ತೈತಲ್ಲ, ಎಣ್ಣಿ ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ಬೀಳಂಗಿಲ್ಲ. ಎರಡನೇ ತೂತು ಬೇಕು, ಗಾಳಿಗೆ. ಆ ಮುಚ್ಚಳ ಹರದಿರಲಿಲ್ಲ. ಆ ತೂತು ಗಾಳಿಗೆ ಅಂತನ ಮಾಡಿದ್ದು. ಎರಡನೇ ತೂತು ನಾನ ಮುಚ್ಚಿದ್ದೆ. ಮಿಸ್ತ್ರಿ ಮುಚ್ಚಳ ತಗದಾಗೊಮ್ಮೆ ಗಾಳಿ ಒಳಗ ಹೊಕ್ಕು ಕಾರು ಚಾಲೂ ಆಗತಿತ್ತು. ಮೂರು ಸಲ ಉಟ್ಟ ಹಸರ ಸೀರಿ ಕಣ್ಣ ಮುಂದ ಬಂತು.

"ಎಲ್ಲಾರೂ ಆ ಕಡೆ ಮಾರಿ ಮಾಡ್ರಿ," ಅಂದೆ. "ವೈನಿ ಜೋಡಿ ನಾ ಮಾತಾಡ್ತೀನಿ. ಹೆಣ್ಮಕ್ಕಳ ಮಾತು, ನೀವು ಕೇಳಂಗಿಲ್ಲ."

ಮೂರೂ ಗಂಡಸರು ಹೊಲದ ಕಡೆ ಮಾರಿ ಮಾಡಿ ನಿಂತ್ರು. ಬಗಲಾಗ ಗಡಿಗಿ, ಕೈಯಾಗ ತಲಿ ಪಿನ್ನು. "ತಪ್ಪಾತ್ರಿ ವೈನಿ, ತಪ್ಪಾತ್ರಿ ನಮ್ಮವ್ವ," ಅಂತ ಅಳಕೋತ ತೂತು ಕೆದರಿದೆ. ಕಡಲಿ ಕಾಳಿನಷ್ಟು ಸಾಬೂನು, ಕಲ್ಲಾಗಿತ್ತು, ಕೆಳಗ ಬಿತ್ತು. ಕಾಲಿಲೆ ಮಣ್ಣಾಗ ತುಳದೆ.

"ಏನಂದ್ಲು?" ಅಂದ್ರು ಸಾಹೇಬ್ರು.

"ಸಾವಕಾಶ ಹೊಡೀರಿ ಅಂದ್ರು."

ರಾಮಟೇಕದ ಕೆರಿ ತನಕ ಒಂದ ಸಲಾನೂ ನಿಂದ್ರಲಿಲ್ಲ. ವಾಪಸ್ ಬರೂ ಮುಂದ ಗುರುಜಿ ಮುಂದಿನ ಸೀಟು ನಂಗ ಬಿಟ್ಟು ಕೊಟ್ಟು, ಹಿಂದ ಮಿಸ್ತ್ರಿ ಬಾಜೂಕ ಕೈ ಮುಗದು ಕುಂತ್ರು.

ವೈನಿ ಏನಂತಾರ

ಗುರುಜಿ ಬಾಯಿ ನಿನ್ನ ಗಂಡನ ಬಾಯಿಗಿಂತ ಸಡಲ. ವಾರದಾಗ ನಾ ಸತ್ತವರ ಜೋಡಿ ಮಾತಾಡಾಕಿ ಆಗಿಬಿಟ್ಟೆ. ಹಿಂದಿನ ಗಲ್ಲಿಯಾಕಿ ಬಂದು, "ನಮ್ಮತ್ತಿ ಟ್ರಂಕಿನ ಕೀಲಿ ಎಲ್ಲಿಟ್ಟಾಳ ಕೇಳ್ರಿ," ಅಂದ್ಲು. "ಸಿಟ್ಟಿನಾಗದಾರ, ಈಗ ಹೇಳಂಗಿಲ್ಲಂತ," ಅಂದೆ. "ಹೌದ್ರಿ, ಅವರ ಅವರು," ಅಂತ ನಂಬಿ ಹ್ವಾದ್ಲು!

ಅದನ್ನೆಲ್ಲಾ ನಕ್ಕು ಬಿಡಬಹುದು. ಸಾಹೇಬ್ರದ ಬಿಡಾಕ ಆಗವಲ್ದು. ದಿನಾ ಸಂಜಿಕ್ಕ ಬರತಾರ. ಕುರ್ಚಿ ತುದೀಗೆ ಕುಂತು, "ಇವತ್ತ ಏನರೆ ಅಂದ್ಲೇನು?" ಊಟ ಬಿಟ್ಟಿದ್ರು, ಬಟ್ಟಿ ಹ್ಯಾಂಗರ್ ಆಗಿದ್ರು. "ಎರಡು ಭಕ್ರಿ ತಿನ್ನಬೇಕಂತ ನೋಡ್ರಿ," ಅಂದೆ, ತಿಂದ್ರು. "ಬಿಪಿ ಗುಳಗಿ ತಪ್ಪಸಬ್ಯಾಡ್ರಂತ," ಅಂದೆ, ತಗೊಂಡ್ರು. ನಾ ಇವತ್ತ ಖರೆ ಹೇಳಿದ್ರ ಆ ಮನಶ್ಯಾ ನಾಳೆ ಮತ್ತ ಊಟ ಬಿಡ್ತಾರ. ನಾ ಹೆಂಗ ಹೇಳ್ಲಿ?

ನಿನ್ನೆ ಬಂದ್ರು. ಬರೂವಾಗ ಕೈಯಾಗ ಟಾಕಿ ಮುಚ್ಚಳ! ಮಿಸ್ತ್ರಿ ಪೆಟ್ರೋಲಿನಾಗ ತೊಳದು ಹೊಳಪ ಮಾಡ್ಯಾನಂತ. ಎಲ್ಲಾ ಹೋಗೈತಿ, ತೂತಿನ ಸುತ್ತ ಗುಲಾಬಿ ಬಣ್ಣದ್ದೊಂದು ಎಳಿ ಮಾತ್ರ ಹೋಗಿಲ್ಲ. ಉಗರಲೆ ಕೆರದು, ಮೂಸಿ, ನನ್ನ ಕಡೆ ನೋಡದನ ಅಂದ್ರು: "ನಲವತ್ತು ವರ್ಷ ಎಂಜಿನ್ ಮಾಡಿದ ನಂಗ ಇದು ಕಾಣಲಿಲ್ಲ ನೋಡ್ರಿ. ನಿಮ್ಮ ವೈನೀನ್ನ ಒಂದ ಮಾತ ಕೇಳ್ರಿ. ದಿನಾ ಬಾಗಲದಾಗ ಕುಂತು ಅಂಗಳಾನ ನೋಡತಿದ್ಲು, ಆಕಿಗೆ ಗೊತ್ತಿರತೈತಿ. ಈ ಮುಚ್ಚಳದಾಗ ಸಾಬೂನು ತುಂಬಿದವರು ಯಾರು ಅಂತ. ಅವಸರ ಇಲ್ಲ. ನಾಳೆ ಬರತೀನಿ."

ಈಗ ನೀನ ಹೇಳು, ವೈನಿ ಏನಂದ್ರು ಅಂತ ಹೇಳ್ಲಿ? ನೀನರೆ ಆಗ ಈ ವಾಡೇದಾಗ ಇದ್ದಿದ್ರ ನಿನ್ನ ಹೆಸರು ಹೇಳತಿದ್ದೆ, ನೀನೂ ಈಗ ಬಂದಿ...

ಇರು. ಚಪ್ಪಲ್ ಸಪ್ಪಳ. ಬಂದ್ರು. ಏಳಬ್ಯಾಡ, ಕುಂಡ್ರು, ನಾ ಒಬ್ಬಾಕೇನ ಆಗಬಾರದು. ಆಣಿ ಮಾಡೀದಿ ನೆಪ್ಪಿರಲಿ. ಆ ಬಚ್ಚಲದ ಬಾಗಲ ಸ್ವಲ್ಪ ಮುಂದ ಮಾಡು, ಒಳಗ ಗುಲಾಬಿ ಸಾಬೂನು ಕಾಣಸ್ತೈತಿ...

ಬರ್ರಿ ಅಣ್ಣಾರ, ಬರ್ರಿ. ಬಾಗಲ ತಗದ ಐತ್ರಿ.